ಅಪ್ಪನ ಡೈರಿಯ ‘ಕೇ’

ಸಂಕ್ರಾಂತಿ ಕಳೆದ ಮೊದಲ ಶನಿವಾರ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಜಾವ ಐದಕ್ಕೇ ಲೈಟು ಹತ್ತುತ್ತೆ. ನನಗೆ ಬುದ್ಧಿ ಬಂದಾಗಿನಿಂದ ಇದು ನಡೆದುಕೊಂಡು ಬಂದಿದೆ. ಅಪ್ಪ ಫ್ಲಾಸ್ಕಿಗೆ ಕಾಫಿ ತುಂಬಿಸ್ತಾರೆ, ಬೈನಾಕ್ಯುಲರ್ ಗಾಜನ್ನು ಹಳೇ ಬನಿಯನ್ ಚೂರಿನಲ್ಲಿ ಒರೆಸ್ತಾರೆ, ಅಂಗಿ ಜೇಬಿಗೆ ಎರಡು ಪೆನ್ಸಿಲ್ ಸಿಕ್ಕಿಸಿಕೊಳ್ತಾರೆ. ಪೆನ್ ಯಾಕಿಲ್ಲ ಅಂದರೆ, ಇಬ್ಬನಿ ಬಿದ್ದರೆ ಶಾಯಿ ಕದಡುತ್ತಂತೆ. ಅಮ್ಮ ನಿದ್ದೆಗಣ್ಣಲ್ಲೇ ಅವರೆಕಾಳು ಉಪ್ಪಿಟ್ಟು ಮಾಡಿ ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟು, “ನೀವಿಬ್ಬರೂ ಹೋಗಿ, ನಾನು ಮಲಗ್ತೀನಿ” ಅಂತ ಬಾಗಿಲು ಹಾಕಿಕೊಳ್ತಾರೆ.

ಆಮೇಲೆ ಇಡೀ ದಿನ ಹಕ್ಕಿ ನೋಡೋದು. ಮೊದಲು ಕುಕ್ಕರಹಳ್ಳಿ ಕೆರೆ, ಆಮೇಲೆ ಲಿಂಗಾಂಬುಧಿ, ಬಿಸಿಲೇರಿದ ಮೇಲೆ ವರುಣಾ ಕಡೆಯ ಗದ್ದೆಬಯಲು, ಸಂಜೆಗೆ ಹದಿನಾರು ಕೆರೆ. ದಾರಿ ಬದಲಾಗಲ್ಲ. “ಪ್ರತಿ ವರ್ಷ ಒಂದೇ ದಾರಿ, ಒಂದೇ ಹೊತ್ತು ಇದ್ದರೆ ತಾನೇ ಲೆಕ್ಕ ತಾಳೆ ನೋಡೋಕಾಗೋದು?” ಅನ್ನೋದು ಅಪ್ಪನ ವಾದ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದ ಮನುಷ್ಯ.

ಹಕ್ಕಿ ಲೆಕ್ಕ ಬರೆದಿರೋದೂ ಬ್ಯಾಂಕಿನ ಡೈರಿಗಳಲ್ಲೇ. ಹೊಸ ವರ್ಷಕ್ಕೆ ಕೊಡುವ ದಪ್ಪ ರಟ್ಟಿನ ಡೈರಿಗಳು. ಎಡಗಡೆ ಹಕ್ಕಿಯ ಹೆಸರು, ಮಧ್ಯದಲ್ಲಿ ಎಷ್ಟು ಅಂತ, ಬಲಗಡೆ ಕೊನೆಯಲ್ಲಿ ಸಣ್ಣದಾಗಿ ‘ನೋ’ ಅಥವಾ ‘ಕೇ’. ನೋಡಿದ್ದು, ಕೇಳಿದ್ದು. ಕೆಲವು ಕಡೆ ಎರಡೂ.

ಕಳೆದ ವರ್ಷ ಮಳೆಗಾಲದಲ್ಲಿ ಈ ಡೈರಿಗಳನ್ನೆಲ್ಲ ಇ-ಬರ್ಡ್‌ಗೆ ಏರಿಸ್ತೀನಿ ಅಂತ ನಾನು ಬೆಂಗಳೂರಿಗೆ ತಗೊಂಡು ಹೋಗಿದ್ದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯ ನಡೆಸುವ ತಾಣ ಅದು. ಪ್ರಪಂಚದ ಯಾವ ಮೂಲೆಯಲ್ಲಿ ಹಕ್ಕಿ ನೋಡಿದರೂ ಪಟ್ಟಿ ಹಾಕಬಹುದು, ಹಳೆಯ ಪಟ್ಟಿಗಳನ್ನೂ ಸೇರಿಸಬಹುದು. ಮೊದಲು ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟಿಗೆ ಟೈಪ್ ಮಾಡಿದೆ. ವೀಕೆಂಡ್ ರಾತ್ರಿಗಳಲ್ಲಿ ಒಂದೊಂದೇ ಡೈರಿ. ಹೆಸರು, ಸಂಖ್ಯೆ, ಜಾಗ, ದಿನಾಂಕ. ‘ನೋ’, ‘ಕೇ’ ಟೈಪ್ ಮಾಡೋಕೆ ಹೋಗಲಿಲ್ಲ. ಪಟ್ಟಿಗೆ ಅದು ಕಡ್ಡಾಯವಲ್ಲ, ಸುಮ್ಮನೆ ಇನ್ನೊಂದು ಕಾಲಂ ಅನ್ನಿಸಿತು. ಇದನ್ನು ಈಗಲೇ ಹೇಳಿಬಿಡ್ತೀನಿ, ಯಾಕಂದರೆ ನಾನು ಮಾಡಿದ ದಡ್ಡತನ ಇದೇ.

ಡೇಟಾ ಕೈಗೆ ಸಿಕ್ಕರೆ ಸುಮ್ಮನಿರೋ ಜಾತಿ ಅಲ್ಲ ನಮ್ಮದು. ಗ್ರಾಫ್ ಹಾಕಿದೆ. ಬಾತು, ಕೊಕ್ಕರೆ, ಹೆಜ್ಜಾರ್ಲೆಗಳ ಗೆರೆ ಏರಿಳಿಯುತ್ತಾ ಹೋಗಿತ್ತು, ವಿಶೇಷ ಏನಿರಲಿಲ್ಲ. ಆದರೆ ಉಲಿಯಕ್ಕಿ, ಬದನಿಕೆ ಹಕ್ಕಿ, ಬೆಳ್ಗಣ್ಣ, ಮಿಂಚುಳ್ಳಿ ಇಂಥ ಸಣ್ಣ ಹಕ್ಕಿಗಳ ಗೆರೆ ಕಳೆದ ಐದಾರು ವರ್ಷಗಳಲ್ಲಿ ಇಳಿಜಾರಿನಲ್ಲಿ ಜಾರಿದ ಹಾಗೆ ಕೆಳಗೆ ಬಂದುಬಿಟ್ಟಿತ್ತು. ಕುಕ್ಕರಹಳ್ಳಿಯಲ್ಲಿ ಪ್ರತಿ ಚಳಿಗಾಲ ಐದೋ ಆರೋ ಇರುತ್ತಿದ್ದ ಗ್ರೀನಿಶ್ ವಾರ್ಬ್ಲರ್, ಅಂದರೆ ಅಪ್ಪ ಉಲಿಯಕ್ಕಿ ಅಂತ ಬರೆಯೋ ಹಕ್ಕಿ, ಈಚೆಗೆ ಒಂದು, ಇಲ್ಲಾಂದ್ರೆ ಬರೀ ಅಡ್ಡಗೀಟು.

ನನಗೆ ಬೇಜಾರಾಯಿತು. ನಿಜ ಹೇಳಬೇಕಂದ್ರೆ ಬೇಜಾರಿನ ಜೊತೆಗೆ ಸ್ವಲ್ಪ ಹುರುಪೂ ಬಂತು. ‘ಮೈಸೂರಿನ ಕೆರೆಯಿಂದ ಮಾಯವಾಗ್ತಿರೋ ಪುಟ್ಟ ಹಕ್ಕಿಗಳು’ ಅಂತ ಒಂದು ಪೋಸ್ಟ್ ಕೂಡ ಬರೆದಿಟ್ಟುಕೊಂಡಿದ್ದೆ. ಮೊಬೈಲ್ ಟವರ್, ಕೀಟನಾಶಕ, ರಿಯಲ್ ಎಸ್ಟೇಟ್, ಎಲ್ಲರನ್ನೂ ಬೈದಿದ್ದೆ. ಈ ಸಲದ ಚಳಿಗಾಲದ ಲೆಕ್ಕವನ್ನೂ ಸೇರಿಸಿ ಹಾಕೋಣ ಅಂತ ತಡೆದಿದ್ದೆ, ಅಷ್ಟೆ.

ಕುಕ್ಕರಹಳ್ಳಿ ಕೆರೆಗೆ ಹೋದಾಗ ಇನ್ನೂ ಮಬ್ಬುಗತ್ತಲು. ನೀರಿನ ಮೇಲೆ ಮಂಜು ಹೊದಿಕೆಯ ಹಾಗೆ ಕೂತಿತ್ತು. ನಮಗಿಂತ ಮುಂಚೆ ವಾಕಿಂಗ್‌ನವರು ಬಂದಿದ್ದರು, ಮಂಕಿ ಟೋಪಿ, ಸ್ವೆಟರ್, ಜೇಬಿನೊಳಗಿನ ಮೊಬೈಲಿನಲ್ಲಿ ಸುಪ್ರಭಾತ. ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕುವೆಂಪು ಇದರ ದಂಡೆಯ ಮೇಲೆ ನಡೆಯುತ್ತಿದ್ದರು ಅನ್ನೋದನ್ನ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ದೊಡ್ಡ ಮೂಟೆಗಳ ಹಾಗೆ ಕೂತಿದ್ದವು. ಹಾವಕ್ಕಿಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ತಿತ್ತು. ಬಿಸಿಲೇ ಬಂದಿಲ್ಲ, ಏನು ಒಣಗುತ್ತೋ! ನಾಮದ ಕೋಳಿ, ಗುಳುಮುಳುಕ, ನೀರುಕಾಗೆ. ಅಪ್ಪ ಪಟಪಟ ಎಣಿಸಿ ಬರೆದುಕೊಂಡರು. ಅವರು ಗುಂಪು ಎಣಿಸೋದನ್ನ ನೋಡಬೇಕು. ಮೊದಲು ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತೆ ಅಂತ ಕಣ್ಣಲ್ಲೇ ಅಳೆದು, ಆ ಅಳತೆಯನ್ನೇ ಇಡೀ ಗುಂಪಿನ ಮೇಲೆ ಜರುಗಿಸುತ್ತಾ ಹೋಗ್ತಾರೆ. ನೋಟಿನ ಕಟ್ಟು ಎಣಿಸಿದ ಕೈ.

ದಂಡೆಯ ಮೇಲಿನ ಹೊಂಗೆ ಮರಗಳ ಸಾಲಿಗೆ ಬಂದಾಗ ನಮ್ಮ ತಲೆಯ ಮೇಲೆಯೇ ಕೇಳಿಸಿತು. ‘ಚ್ವೀಟ್’. ಸ್ವಲ್ಪ ಬಿಟ್ಟು ಮತ್ತೆ, ‘ಚ್ವೀಟ್’. ಗ್ರೀನಿಶ್ ವಾರ್ಬ್ಲರ್! ಹತ್ತು ಗ್ರಾಂ ಕೂಡ ತೂಗದ ಹಕ್ಕಿ, ಹಿಮಾಲಯ, ಮಧ್ಯ ಏಷ್ಯಾ ಕಡೆ ಮರಿ ಮಾಡಿ ಚಳಿಗೆ ನಮ್ಮ ಹೊಂಗೆ ಮರಕ್ಕೆ ಬರುತ್ತೆ. ಎಲೆಯ ಬಣ್ಣವೇ ಇರೋದರಿಂದ ಕಣ್ಣಿಗೆ ಬೀಳೋದು ಕಷ್ಟ, ನೂರಕ್ಕೆ ತೊಂಬತ್ತು ಸಲ ದನಿಯಿಂದಲೇ ಗುರುತು. ಈ ದನಿಯನ್ನ ನನಗೆ ಕಲಿಸಿದ್ದೇ ಅಪ್ಪ, ಇದೇ ದಂಡೆಯ ಮೇಲೆ, ನಾನು ಆರನೇ ಕ್ಲಾಸಿನಲ್ಲಿದ್ದಾಗ.

ಅಪ್ಪ ಮುಂದೆ ನಡೆದು ಹೋಗ್ತಿದ್ದರು. ತಲೆ ಎತ್ತಲೇ ಇಲ್ಲ.

“ಅಪ್ಪ, ಉಲಿಯಕ್ಕಿ” ಅಂದೆ.

“ಹ್ಞೂಂ ಹ್ಞೂಂ” ಅಂದರು. ನಿಂತರು. ಮರದ ಕಡೆ ನೋಡಿದರು, ಆದರೆ ಹಕ್ಕಿ ಕೂಗ್ತಿದ್ದ ಮರದ ಕಡೆ ಅಲ್ಲ, ಅದರ ಪಕ್ಕದ್ದಕ್ಕೆ. ಡೈರಿ ತೆಗೆದು ಏನೋ ಬರೆದುಕೊಂಡು ಮತ್ತೆ ಹೊರಟರು. ಆ ದಂಡೆಯ ಮೇಲೆ ನಾನು ಐದು ಉಲಿಯಕ್ಕಿ ಕೇಳಿದೆ. ಗ್ರಾಫಿನ ಪ್ರಕಾರ ಮಾಯವಾಗಿರಬೇಕಿದ್ದ ಹಕ್ಕಿಗಳು.

ಹಿಂದಿನಿಂದ ಸೈಕಲ್ಲಿನಲ್ಲಿ ಒಬ್ಬ ಹುಡುಗ ಟ್ರಿಣ್ ಟ್ರಿಣ್ ಅನ್ನಿಸಿಕೊಂಡು ಬಂದ. ಅಪ್ಪ ಪಕ್ಕಕ್ಕೆ ಸರಿಯಲಿಲ್ಲ. ನಾನು ತೋಳು ಹಿಡಿದು ಎಳೆದೆ. “ಈಗಿನ ಹುಡುಗರು ಬೆಲ್ ಕೂಡ ಮಾಡಲ್ಲ” ಅಂದರು.

ಅಲ್ಲಿಗೆ ನನಗೆ ಅನುಮಾನ ಬಂದಿತ್ತು. ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಲಿಂಗಾಂಬುಧಿಯಲ್ಲಿ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಮುಜುಗರ ಆಗುತ್ತೆ.

ಲಿಂಗಾಂಬುಧಿ ಕೆರೆ ರಾಮಕೃಷ್ಣನಗರದ ಆಚೆ. ನಾವು ಹೋಗೋ ಹೊತ್ತಿಗೆ ಬಿಸಿಲು ಬಿದ್ದಿತ್ತು. ಬೆಂಚಿನ ಮೇಲೆ ಕೂತು ಉಪ್ಪಿಟ್ಟು ತಿಂದೆವು. ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿಗಳು ಕೆಂಪು ಕಾಲು ಎತ್ತಿ ಎತ್ತಿ ಇಡ್ತಿದ್ದವು, ಮದುವೆ ಮನೆಯಲ್ಲಿ ಸೀರೆ ಒದ್ದೆಯಾಗಬಾರದು ಅಂತ ನಡೆಯೋ ಅತ್ತೆಯರ ಹಾಗೆ. ಕಾಫಿ ಮುಗಿಸಿ ಎದ್ದಾಗ ಸುತ್ತ ನಿಶ್ಶಬ್ದ. ದೂರದಲ್ಲಿ ಟಿಟ್ಟಿಭ ಒಂದು ಕೂಗಿ ಸುಮ್ಮನಾಯಿತು. ನಾನು ಪಕ್ಕದ ಬಿದಿರು ಮೆಳೆ ತೋರಿಸಿ ಅಂದೆ, “ಅಪ್ಪ, ಇಲ್ಲೊಂದು ಉಲಿಯಕ್ಕಿ ಕೂಗ್ತಿದೆ ಅಲ್ವಾ?”

ಏನೂ ಕೂಗ್ತಿರಲಿಲ್ಲ.

ಅಪ್ಪ ತಲೆ ಓರೆ ಮಾಡಿ ಒಂದು ಕ್ಷಣ ನಿಂತರು. “ಹೌದಲ್ಲ, ಚೆನ್ನಾಗಿ ಕೇಳಿಸ್ತಿದೆ” ಅಂದರು. ಡೈರಿ ತೆಗೆದು ಬರೆದುಕೊಂಡರು.

ಕೋಡ್ ಬರೆಯೋವಾಗ ನಾವು ಹೀಗೇ ಮಾಡ್ತೀವಿ. ತಪ್ಪು ಎಲ್ಲಿದೆ ಅಂತ ತಿಳಿಯೋಕೆ ಸುಳ್ಳು ಇನ್‌ಪುಟ್ ಕೊಟ್ಟು ನೋಡ್ತೀವಿ. ನನ್ನ ಅಪ್ಪನ ಮೇಲೆ ಅದನ್ನೇ ಪ್ರಯೋಗ ಮಾಡಿದ್ದೆ. ಟೆಸ್ಟ್ ಪಾಸಾಯಿತು, ಏನು ಬಂತು? ಕಾಣದ, ಕೇಳದ ಹಕ್ಕಿಯನ್ನ ಒಂದು ದಿನವೂ ಬರೆಯದ ಮನುಷ್ಯನ ಡೈರಿಗೆ ನಾನೇ ಕೈಯಾರೆ ಇಲ್ಲದ ಹಕ್ಕಿಯನ್ನ ತುರುಕಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ರಂಗನತಿಟ್ಟಿನಲ್ಲಿ ಒಂದು ಅಪರೂಪದ ಮೀನುಗೂಬೆ ನೋಡಿದೆ ಅಂತ ಹಟ ಹಿಡಿದಾಗ, “ನೀನು ನೋಡಿದ್ದಿಯಮ್ಮ, ನಿನ್ನ ನೋಟ್‌ಬುಕ್ಕಿನಲ್ಲಿ ಬರ್ಕೋ, ನಾನು ನೋಡಿಲ್ಲ, ನನ್ನದರಲ್ಲಿ ಬರೆಯಲ್ಲ” ಅಂದಿದ್ದ ಅಪ್ಪ.

ಅಲ್ಲಿಂದ ಮುಂದೆ ಕಾರನ್ನ ನಾನೇ ಓಡಿಸಿದೆ. “ಯಾಕೆ?” ಅಂದರು. “ಸುಮ್ಮನೆ, ಪ್ರಾಕ್ಟೀಸ್ ತಪ್ಪಿದೆ” ಅಂದೆ. ಅದೂ ಸುಳ್ಳೇ.

ತಿ. ನರಸೀಪುರ ರಸ್ತೆಯಲ್ಲಿ ವರುಣಾ ದಾಟಿದ ಮೇಲೆ ಊರಿನ ಗಲಾಟೆ ಕಮ್ಮಿಯಾಗುತ್ತೆ. ಸುತ್ತೂರು ಜಾತ್ರೆಯ ಬ್ಯಾನರುಗಳು ಅಲ್ಲಲ್ಲಿ. ಒಳರಸ್ತೆಗೆ ತಿರುಗಿದರೆ ಟಾರಿನ ಮೇಲೇ ಹುರುಳಿ ಹರಡಿರ್ತಾರೆ, ಹೋಗಿ ಬರೋ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಕಾರಿನ ಅಡಿಗೆ ಸೊಪ್ಪು ಸಿಕ್ಕಿಕೊಂಡು ಚರಚರ ಅಂತಿತ್ತು. ನಾಲೆ ನೀರು ಇರೋ ಕಡೆ ಹಸಿರು, ಇಲ್ಲದ ಕಡೆ ಕೊಯ್ಲು ಮುಗಿದ ಕೂಳೆ. ವಿದ್ಯುತ್ ತಂತಿಯ ಮೇಲೆ ನೀಲಕಂಠ ಒಂದು ಕೂತಿತ್ತು, ಹಾರಿದಾಗ ನೀಲಿ ಬಣ್ಣ ಬಿಚ್ಚಿಕೊಂಡಿತು. ಸೆಳೆವ ಒಂದು ಗದ್ದೆಯ ಮೇಲೆ ತೀರ ಕೆಳಗೆ ತೇಲುತ್ತಾ ಹೋಗಿ, ಇದ್ದಕ್ಕಿದ್ದ ಹಾಗೆ ಕಾಲು ಚಾಚಿ ಬಿತ್ತು. ಏಳುವಾಗ ಕಾಲು ಖಾಲಿ. ಕುಂಡೆಕುಸ್ಕಗಳು ನೀರು ಹಾಯಿಸ್ತಿದ್ದವರ ಹಿಂದೆಯೇ ಬಾಲ ಕುಣಿಸಿಕೊಂಡು ಓಡಾಡ್ತಿದ್ದವು. ಇವೆಲ್ಲ ಅಪ್ಪನಿಗೆ ನನಗಿಂತ ಮೊದಲು ಕಂಡವು. ಅರವತ್ತಾರು ವರ್ಷಕ್ಕೂ ಅವರ ಕಣ್ಣು ಹದ್ದಿನ ಕಣ್ಣೇ. ‘ನೋ, ನೋ, ನೋ’ ಅಂತ ಬರೀತಾ ಇದ್ದರೇನೋ. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ, ಒಳಗೆ ಒಂದೇ ಯೋಚನೆ. ಆ ‘ಕೇ’ ಕಾಲಂ. ನಾನು ಬಿಟ್ಟುಬಿಟ್ಟ ಕಾಲಂ. ಈಚಿನ ಡೈರಿಗಳಲ್ಲಿ ಅದು ಇತ್ತಾ? ಟೈಪ್ ಮಾಡೋವಾಗ ಆ ಪುಟಗಳು ಹೇಗಿದ್ದವು ಅಂತ ಕಣ್ಣು ಮುಂದೆ ತಂದುಕೊಳ್ಳೋಕೆ ನೋಡಿದೆ. ಆಗಲಿಲ್ಲ.

ದಾರಿಯಲ್ಲಿ ಊಟ. ಮುದ್ದೆ, ಸೊಪ್ಪಿನ ಸಾರು. ಹೇಳೋಕೆ ಹೆಚ್ಚೇನಿಲ್ಲ.

ಹದಿನಾರು ನಂಜನಗೂಡು ತಾಲ್ಲೂಕಿನ ಊರು. ಒಡೆಯರ ವಂಶದ ಮೂಲಕಥೆಯಲ್ಲಿ ಬರುವ ಹದಿನಾಡು ಇದೇ ಅಂತಾರೆ. ಹಕ್ಕಿ ನೋಡೋರಿಗೆ ಈ ಊರು ಗೊತ್ತಿರೋದು ಬೇರೆ ಕಾರಣಕ್ಕೆ. ಚಳಿಗಾಲದಲ್ಲಿ ಇಲ್ಲಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಕಿತ್ತಲೆ ಬಣ್ಣದ ಕೊಕ್ಕು, ಬಿಳಿ ತಲೆಯ ಹಿಂದೆ ಅಡ್ಡಡ್ಡ ಎರಡು ಕಪ್ಪು ಪಟ್ಟೆ. ಮರಿ ಮಾಡೋದು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ, ನಮ್ಮ ಲಡಾಖ್ ಕಡೆ. ಮಂಗೋಲಿಯಾದಲ್ಲಿ ಕೊರಳಿಗೆ ನಂಬರಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇವುಗಳಿಗೇ ಹೆಸರಾದದ್ದು, 2024ರಲ್ಲಿ ಅದು ರಾಮ್‌ಸರ್ ಪಟ್ಟಿಗೆ ಸೇರಿತು. ಇಲ್ಲಿಗೆ ಬರೋಕೆ ಇವು ಹಿಮಾಲಯ ದಾಟಬೇಕು. ಮೈಗೆ ಟ್ರ್ಯಾಕರ್ ಕಟ್ಟಿ ನೋಡಿದಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಆದರೆ ಸುಮ್ಮನೆ ಎತ್ತರಕ್ಕೆ ಹಾರಿ ಶೋಕಿ ಮಾಡಲ್ಲ. ಬೆಟ್ಟದ ಏರಿಳಿತಕ್ಕೆ ತಕ್ಕ ಹಾಗೆ ಏರಿ ಇಳಿದು, ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವದ ತಣ್ಣನೆಯ ಗಾಳಿಯಲ್ಲಿ ಹಾರ್ತವೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತೆ, ರೆಕ್ಕೆಗೆ ಹಿಡಿತ ಸಿಗುತ್ತೆ.

ಏರಿಯ ಮೇಲೆ ಕಾರು ನಿಲ್ಲಿಸಿದಾಗ ಮೂರೂವರೆ. ಆಚೆ ದಡದ ಹತ್ತಿರ ನೀರಿನಲ್ಲಿ ಬೂದು ಬಣ್ಣದ ರಾಶಿ. ಹಗಲೆಲ್ಲ ಅವು ಕೆರೆಯಲ್ಲಿ ನಿದ್ದೆ ಹೊಡೀತಾ ಇರ್ತವೆ, ಸಂಜೆ ಕತ್ತಲಾಗೋ ಹೊತ್ತಿಗೆ ಮೇಯೋಕೆ ಗದ್ದೆಗಳಿಗೆ ಹೋಗ್ತವೆ. ಈಚೆ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು, ಸೂಜಿಬಾಲದ ಬಾತುಗಳು, ಮೂಲೆಯಲ್ಲಿ ಬಣ್ಣದ ಕೊಕ್ಕರೆಗಳ ಸಾಲು. ಅಪ್ಪ ಏರಿಯ ಕಲ್ಲಿನ ಮೇಲೆ ಟವೆಲ್ ಹಾಸಿ ಕೂತು ಎಣಿಕೆ ಶುರು ಮಾಡಿದರು.

ಎಮ್ಮೆ ಹೊಡೆದುಕೊಂಡು ಬಂದ ಊರಿನವರೊಬ್ಬರು ನಿಂತು ಮಾತಾಡಿಸಿದರು. ಜೊತೆಗೆ ಆರೇಳು ವರ್ಷದ ಮೊಮ್ಮಗಳು. “ಬಾತು ನೋಡಕ್ ಬಂದ್ರಾ ಸಾ? ರಾತ್ರಿ ನಮ್ಮ ಗದ್ದಗೇ ಬತ್ತವ. ಎದ್ದೋಗಿ ಓಡಿಸ್ಬೇಕು.” ಅವರದು ಒಡಕು ಗಡಸು ದನಿ. ಅಪ್ಪ ನಕ್ಕು, ಯಾವ ಪೈರು, ಎಷ್ಟು ಹೊತ್ತಿಗೆ ಬರ್ತವೆ ಅಂತೆಲ್ಲ ವಿಚಾರಿಸಿದರು. ಇಬ್ಬರೂ ಹಳೆಯ ಸ್ನೇಹಿತರ ಹಾಗೆ ಹರಟಿದರು. ಒಂದು ಮಾತೂ ಅಪ್ಪನಿಗೆ ತಪ್ಪಲಿಲ್ಲ. ನನಗೇ ಗೊಂದಲವಾಯಿತು, ನನ್ನ ಅನುಮಾನವೇ ಸುಳ್ಳಿರಬಹುದಾ ಅಂತ.

ಅಷ್ಟರಲ್ಲಿ ಆ ಹುಡುಗಿ ಅಪ್ಪನ ಪಕ್ಕಕ್ಕೆ ಬಂದು ನಿಂತು, ಸಣ್ಣ ದನಿಯಲ್ಲಿ ಕೇಳಿತು, “ತಾತ, ನಾನೂ ನೋಡ್ಲಾ ಅದ್ರಲ್ಲಿ?”

ಅಪ್ಪ ಅದರ ಮುಖ ನೋಡಿ ನಗುತ್ತಾ ತಲೆ ಆಡಿಸಿದರು. “ಹ್ಞೂಂ ಹ್ಞೂಂ” ಅಂದರು.

ಮಗು ಕೈ ಚಾಚಿತು. ಅಪ್ಪ ಬೈನಾಕ್ಯುಲರನ್ನ ತಮ್ಮ ಕಣ್ಣಿಗೇ ಹಿಡಿದು ಮತ್ತೆ ಕೆರೆಯ ಕಡೆ ತಿರುಗಿದರು. ಚಾಚಿದ ಕೈ ಒಂದಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಲಂಗದ ಹತ್ತಿರ ಹೋಯಿತು.

ನಾನು ನನ್ನ ಬೈನಾಕ್ಯುಲರ್ ಕೊಟ್ಟೆ. ಹುಡುಗಿ ಉಲ್ಟಾ ಹಿಡಿದು ನೋಡಿ ಕಿಸಕ್ಕನೆ ನಕ್ಕಿತು. ಅವರು ಹೋದ ಮೇಲೆ ನನಗೆ ತಡೆಯೋಕಾಗಲಿಲ್ಲ.

“ಅಪ್ಪ, ಲಿಂಗಾಂಬುಧಿಯಲ್ಲಿ ಉಲಿಯಕ್ಕಿ ಕೂಗಲಿಲ್ಲ. ನಾನು ಸುಳ್ಳು ಹೇಳಿದೆ.”

ಅಪ್ಪ ಬೈನಾಕ್ಯುಲರ್ ಇಳಿಸಿದರು. ಬೈತಾರೆ ಅಂದುಕೊಂಡೆ. ಸುಮ್ಮನೆ ಡೈರಿಯನ್ನ ನನ್ನ ಕೈಗೆ ಕೊಟ್ಟರು.

ಕುಕ್ಕರಹಳ್ಳಿ. ಹೆಜ್ಜಾರ್ಲೆ, ಸಂಖ್ಯೆ, ನೋ. ಹಾವಕ್ಕಿ, 3, ನೋ. ಉಲಿಯಕ್ಕಿ, 5. ಅದರ ಮುಂದೆ ‘ನೋ’ ಇಲ್ಲ, ‘ಕೇ’ಯೂ ಇಲ್ಲ. ‘ಪುಟ್ಟಿ’ ಅಂತ ಬರೆದಿದ್ದರು. ಲಿಂಗಾಂಬುಧಿ, ಉಲಿಯಕ್ಕಿ, 1, ಪುಟ್ಟಿ.

ಪುಟ್ಟಿ ಅಂದರೆ ನಾನು.

“ಬಾಯಲ್ಲಿ ಏನಾದ್ರೂ ಹೇಳ್ಬಿಡಬಹುದು ಕಣಮ್ಮ, ಲೆಡ್ಜರಿನಲ್ಲಿ ಬರೆಯೋಕಾಗುತ್ತಾ?” ಅಂದರು. ಪೆನ್ಸಿಲ್ ತಗೊಂಡು ಲಿಂಗಾಂಬುಧಿಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ತಿದ್ದಿದ ಕಡೆಯೆಲ್ಲ ಸಹಿ ಹಾಕೋದು ಬ್ಯಾಂಕಿನ ಅಭ್ಯಾಸ.

“ಎಷ್ಟು ದಿನದಿಂದ ಅಪ್ಪ?”

“ಆರೇಳು ವರ್ಷ ಆಗಿರಬಹುದು. ರಿಟೈರ್ ಆಗೋ ಹೊತ್ತಿಗೆ ಶುರುವಾಯ್ತು. ಹಿತ್ತಿಲ ನುಗ್ಗೆಮರದಲ್ಲಿ ಸೂರಕ್ಕಿ ಬರ್ತಿತ್ತಲ್ಲ. ಒಂದು ವರ್ಷ ಬರಲೇ ಇಲ್ಲ ಅಂದ್ಕೊಂಡಿದ್ದೆ. ಒಂದಿನ ಹಲ್ಲುಜ್ಜುತ್ತಾ ನಿಂತಾಗ ನೋಡಿದ್ರೆ ಎದುರಿಗೇ ಕೂತಿದೆ. ಬಾಯಿ ತೆಗೀತಿದೆ, ಮುಚ್ಚುತಿದೆ, ಗಂಟಲು ಆಡ್ತಿದೆ. ಸದ್ದೇ ಇಲ್ಲ. ಟೀವಿ ಮ್ಯೂಟ್ ಮಾಡಿದ ಹಾಗೆ.”

ಅವತ್ತಿನಿಂದ ಒಂದೊಂದಾಗಿ ಹೋದವಂತೆ. ಮೊದಲು ಬದನಿಕೆ ಹಕ್ಕಿಯ ಟಿಕ್ ಟಿಕ್, ಆಮೇಲೆ ಮಿಂಚುಳ್ಳಿಯ ಸಿಳ್ಳೆ, ಉಲಿಯಕ್ಕಿ, ಬೆಳ್ಗಣ್ಣ. ಅವರು ಅದನ್ನೂ ಲೆಕ್ಕ ಇಟ್ಟಿದ್ದರು, ಯಾವ ಹಕ್ಕಿ ಯಾವ ವರ್ಷ ನಿಂತಿತು ಅಂತ. ವಯಸ್ಸಾದ ಹಾಗೆ ಕಿವಿ ಮೊದಲು ಕಳೆದುಕೊಳ್ಳೋದು ಏರುದನಿಗಳನ್ನೇ. ಗಡಸು ಮಾತು, ಮೋಟಾರಿನ ಸದ್ದು, ಕಾಗೆಯ ಕೂಗು ಎಲ್ಲ ಕೇಳಿಸುತ್ತೆ. ಮಕ್ಕಳ ದನಿ, ಹಕ್ಕಿಯ ಸಿಳ್ಳೆ, ಮಾತಿನೊಳಗಿನ ಸ, ಶ, ಇವು ಜಾರಿಹೋಗ್ತವೆ. ಅದಕ್ಕೇ ಮನೆಯವರಿಗೂ ಬೇಗ ಗೊತ್ತಾಗಲ್ಲ. ಕೇಳಿಸುತ್ತೆ, ಆದರೆ ಗಮನ ಕೊಡಲ್ಲ ಅಂತ ಅಮ್ಮ ಎಷ್ಟು ಸಲ ಜಗಳ ಆಡಿಲ್ಲ! ಹಕ್ಕಿ ಗಣತಿ ಮಾಡೋರಿಗಂತೂ ಇದು ಗೊತ್ತಿರೋ ವಿಷಯ. ಎಣಿಸೋರಿಗೆ ವಯಸ್ಸಾದ ಹಾಗೆ ಸಣ್ಣ ದನಿಯ ಹಕ್ಕಿಗಳ ಲೆಕ್ಕ ಕಮ್ಮಿಯಾಗುತ್ತೆ. ನಾನು ಗ್ರಾಫ್ ಹಾಕಿ ಕೆರೆಯನ್ನ ಅಳೆದೆ ಅಂದುಕೊಂಡಿದ್ದೆ, ಅಳೆದದ್ದು ಅಪ್ಪನ ಕಿವಿಯನ್ನ. ಕೆರೆಗಳಿಗೆ ತೊಂದರೆ ಇಲ್ಲ ಅಂತ ಹೇಳ್ತಿಲ್ಲ, ಇದೆ, ಒಳಚರಂಡಿ ನೀರಿನ ವಾಸನೆಯೇ ಹೇಳುತ್ತೆ. ಆದರೆ ನನ್ನ ಗ್ರಾಫು ಅದಕ್ಕೆ ಸಾಕ್ಷಿ ಆಗಿರಲಿಲ್ಲ.

“ಹೇಳೋದಲ್ವಾ ಅಪ್ಪ?”

ಅಪ್ಪ ಸ್ವಲ್ಪ ಹೊತ್ತು ಕೆರೆ ನೋಡಿದರು. “ಹೇಳಿದ್ರೆ ನೀವೆಲ್ಲ ನನ್ನ ಹತ್ರ ಕಿರುಚಿ ಮಾತಾಡೋಕೆ ಶುರು ಮಾಡ್ತೀರಾ. ನಿನ್ನ ತಾತನ ಹತ್ರ ಮಾತಾಡ್ತಿದ್ದೆವಲ್ಲ, ಹಾಗೆ. ಆಮೇಲೆ ಕಿರುಚೋಕೂ ಬೇಜಾರಾಗಿ ಬಿಟ್ಟುಬಿಡ್ತೀರಾ.”

ನನಗೆ ತಾತ ನೆನಪಾದರು. ಯಾವ ಸಮಾರಂಭಕ್ಕೆ ಹೋದರೂ ಗೋಡೆ ಪಕ್ಕದ ಕುರ್ಚಿ. ಎಲ್ಲರೂ ಬಂದು ಕಾಲಿಗೆ ಬಿದ್ದು ಹೋಗೋರು, ಯಾರೂ ಕೂತು ಮಾತಾಡ್ತಿರಲಿಲ್ಲ. ನಾನೂ ಅಷ್ಟೇ.

“ಆ ಮಗು ನಿಮ್ಮ ಬೈನಾಕ್ಯುಲರ್ ಕೇಳಿತು” ಅಂದೆ.

“ಯಾವಾಗ?”

“ಆಗಲೇ. ನೀವು ಹ್ಞೂಂ ಅಂದ್ರಿ.”

ಅಪ್ಪ ಎದ್ದು ನಿಂತು ಏರಿಯ ಆ ತುದಿಯವರೆಗೂ ನೋಡಿದರು. ಎಮ್ಮೆಗಳು ತೋಪಿನ ಹಿಂದೆ ಮರೆಯಾಗಿದ್ದವು. ಬೆಳಿಗ್ಗೆಯಿಂದ ಅವರ ಮುಖದಲ್ಲಿ ಕಾಣದೇ ಇದ್ದದ್ದು ಆಗ ಕಂಡಿತು. ತಮಗೆ ಕೇಳಿಸಲ್ಲ ಅನ್ನೋದನ್ನ ಅವರು ಆರು ವರ್ಷದಿಂದ ನುಂಗಿಕೊಂಡಿದ್ದರು. ಕೈ ಚಾಚಿದ ಮಗುವಿಗೆ ಬೆನ್ನು ತಿರುಗಿಸಿದೆ ಅನ್ನೋದನ್ನ ನುಂಗೋಕಾಗಲಿಲ್ಲ.

“ಡಾಕ್ಟರ್ ಹತ್ರ ಯಾವಾಗ ಹೋಗೋದು?” ಅಂದರು. ನಾನು ಕೇಳದೇ ಇದ್ದರೂ.

“ಸೋಮವಾರ ರಜೆ ಹಾಕ್ತೀನಿ.”

ಸೂರ್ಯ ಇಳೀತಾ ಇದ್ದ. ನಾನು ತಕ್ಷಣ ಫೋನ್ ತೆಗೆದು ಅಪಾಯಿಂಟ್‌ಮೆಂಟ್ ಹುಡುಕೋಕೆ ಶುರು ಮಾಡಿದೆ. ನೆಟ್‌ವರ್ಕ್ ಒಂದೇ ಕಡ್ಡಿ, ಪುಟ ತೆರೆದುಕೊಳ್ಳದೆ ಸುತ್ತುತ್ತಾ ಇತ್ತು. ಮ್ಯಾನೇಜರಿಗೆ ಮೆಸೇಜು ಟೈಪ್ ಮಾಡ್ತಿದ್ದೆ, ಅಪ್ಪ ನನ್ನ ಮೊಣಕೈ ಮುಟ್ಟಿದರು.

“ಶ್! ಎದ್ದವು.”

ನನಗೆ ಏನೂ ಕೇಳಿಸಿರಲಿಲ್ಲ. ತಲೆ ಎತ್ತಿದೆ. ಆಚೆ ದಡದ ಬೂದು ರಾಶಿ ಅಲುಗಾಡ್ತಿತ್ತು. ಆಗ ಕೇಳಿಸಿತು. ‘ಆಂಗ್, ಆಂಗ್’ ಅಂತ ಮೂಗಿನಲ್ಲಿ ಮಾತಾಡಿದ ಹಾಗೆ, ಒಂದು, ಎರಡು, ಆಮೇಲೆ ಇಡೀ ಕೆರೆಯೇ. ಮೊದಲ ಗುಂಪು ನೀರು ಬಿಟ್ಟು ಎದ್ದಿತು, ಅದರ ಹಿಂದೆ ಇನ್ನೊಂದು. ಕೆಂಪು ಬೆಳಕಿನಲ್ಲಿ ಓರೆಗೆರೆಗಳಾಗಿ ಜೋಡಿಸಿಕೊಳ್ಳುತ್ತಾ ನಮ್ಮ ಮೇಲೆಯೇ ಬಂದವು, ತೀರ ಕೆಳಗೆ, ರೆಕ್ಕೆಯ ಸುಯ್ಯೆನ್ನುವ ಸದ್ದು ಕೇಳೋ ಅಷ್ಟು. ಅಪ್ಪ ಬೈನಾಕ್ಯುಲರ್ ಎತ್ತಲಿಲ್ಲ, ಎಣಿಸಲೂ ಇಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ನಿಂತಿದ್ದರು.

ಎಲ್ಲ ಹೋದ ಮೇಲೆ, ಬರೆಯೋಕೆ ಕಾಣದಷ್ಟು ಕತ್ತಲಾಗಿದ್ದರಿಂದ, ನಾನು ಫೋನಿನ ಟಾರ್ಚ್ ಹಿಡಿದೆ. ಅಪ್ಪ ಬರೆದರು. ಪಟ್ಟೆತಲೆ ಹೆಬ್ಬಾತು, ಮಧ್ಯಾಹ್ನ ಎಣಿಸಿದ್ದ ಸಂಖ್ಯೆ, ಬಲಗಡೆ ‘ನೋ’. ಪಕ್ಕದಲ್ಲಿ ಪೆನ್ಸಿಲ್ ಒತ್ತಿ, ‘ಕೇ’.

ಸೋಮವಾರ ಪರೀಕ್ಷೆ ಆಯಿತು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ದನಿ ಕೇಳಿದಾಗಲೆಲ್ಲ ಬಟನ್ ಒತ್ತಿ ಅಂತಾರೆ. 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ. ಗಾಜಿನಾಚೆ ನಾನು ಕೂತಿದ್ದೆ. ಮೊದಮೊದಲು ಅಪ್ಪನ ಬೆರಳು ಚುರುಕಾಗಿ ಆಡ್ತಿತ್ತು, ಆಮೇಲೆ ನಿಂತೇಹೋಯಿತು, ಬಟನ್ ಮೇಲೆ ಸುಮ್ಮನೆ ಕಾಯ್ತಾ ಇತ್ತು. ಕಾಗದದ ಮೇಲೆ ಬಂದ ಗೆರೆಯ ಬಲಭಾಗ ಇಳಿಜಾರಿನ ಹಾಗೆ ಕೆಳಗೆ ಜಾರಿತ್ತು. ಆ ಆಕಾರವನ್ನ ನಾನು ಮಳೆಗಾಲದಲ್ಲೇ ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದ್ದೆ.

ಕಿವಿಗೆ ಹಾಕೋ ಮೆಷಿನ್ ಬಂದು ಮೂರು ವಾರ ಆಯಿತು. ಅರ್ಧ ದಿನ ಹಾಕ್ಕೋತಾರೆ, ಅರ್ಧ ದಿನ ಡ್ರಾಯರಿನಲ್ಲಿ. ಕುಕ್ಕರ್ ಸೀಟಿ, ಪ್ಲಾಸ್ಟಿಕ್ ಕವರಿನ ಸದ್ದು ತಲೆ ಸೀಳುತ್ತೆ ಅಂತ ಗೊಣಗ್ತಾರೆ. ಸೂರಕ್ಕಿ ಕೇಳಿಸಿತಂತೆ, “ಆದ್ರೆ ಡಬ್ಬಿಯೊಳಗೆ ಕೂತು ಕೂಗಿದ ಹಾಗಿದೆ” ಅಂದರು. ಉಲಿಯಕ್ಕಿ ಇನ್ನೂ ಇಲ್ಲ. ಮಾರ್ಚ್ ಕಳೆದರೆ ಅವೂ ಹೊರಡೋಕೆ ಶುರು ಮಾಡ್ತವೆ, ನೋಡಬೇಕು.

ಆ ಪೋಸ್ಟ್ ಅಳಿಸಿದೆ. ಈಗ ವೀಕೆಂಡ್ ರಾತ್ರಿಗಳಲ್ಲಿ ಮತ್ತೆ ಮೊದಲಿನಿಂದ ಡೈರಿ ತೆರೆದು ಕೂತಿದ್ದೀನಿ, ಬಿಟ್ಟುಬಿಟ್ಟ ಕಾಲಂ ತುಂಬೋಕೆ. ನೋ, ಕೇ, ಕೇ, ನೋ, ಕೇ. ಸದ್ಯಕ್ಕೆ 2011ರವರೆಗೆ ಬಂದಿದ್ದೀನಿ.